ಇಪ್ಪತ್ತೇಳನೇ ಪ್ಲಾಟಿನ ಹರಿವೆ

ಕಿಂಗ್ಸ್‌ಬರಿಯ ದೇವದಾಸರಿಗೆ ಲಂಡನ್ನಿನಲ್ಲಿ ಜಮೀನಿತ್ತು. ಮದುವೆ ಊಟದ ಸಾಲಿನಲ್ಲಿ, ಯುಗಾದಿ ಕೂಟದಲ್ಲಿ, ಹಲ್ಲಿನ ಡಾಕ್ಟರು ಬಾಯಿ ತೆರೆಯಿರಿ ಎನ್ನುವ ಮೊದಲು, ಎಲ್ಲಿ ಸಂದು ಸಿಕ್ಕಿದರೂ ಅವರು ಈ ಮಾತನ್ನು ತೂರಿಸುತ್ತಿದ್ದರು. ಹೊಸದಾಗಿ ಬಂದವರು ಕಣ್ಣರಳಿಸಿ "ಎಷ್ಟು ಎಕರೆ ಸಾರ್?" ಎಂದು ಕೇಳುವುದು, ದೇವದಾಸರು ಒಂದು ಗುಟುಕು ಕಾಫಿ ಕುಡಿದು "ಆರೂಕಾಲ್ ಸೆಂಟ್ಸ್" ಎನ್ನುವುದು, ಪಕ್ಕದಲ್ಲಿ ಕೂತ ಹೆಂಡತಿ ಪುಷ್ಪಾವತಿ ಬೇರೆ ಕಡೆ ಮುಖ ತಿರುಗಿಸಿ ನಗುವುದು, ಇಷ್ಟೂ ಹದಿನೈದು ವರ್ಷ ಒಂದೇ ಕ್ರಮದಲ್ಲಿ ನಡೆಯಿತು.

ಅದು ಕೌನ್ಸಿಲ್ಲಿನ, ಎಂದರೆ ಅಲ್ಲಿಯ ಪುರಸಭೆಯ, ಅಲಾಟ್‌ಮೆಂಟು. ಟ್ಯೂಬ್ ರೈಲಿನ ಹಳಿಯ ಬದಿಗೆ ಬಿದ್ದಿದ್ದ ನೆಲವನ್ನು ತುಂಡು ಮಾಡಿ, ತರಕಾರಿ ಬೆಳೆಯುವ ಹುಚ್ಚು ಇರುವವರಿಗೆ ವರ್ಷದ ಬಾಡಿಗೆಗೆ ಕೊಡುತ್ತಿದ್ದರು. ಒಂದೊಂದು ತುಂಡಿಗೆ ಒಂದೊಂದು ನಂಬರು. ದೇವದಾಸರದು ಇಪ್ಪತ್ತೇಳನೆಯದು. ಅರ್ಜಿ ಹಾಕಿ ನಾಲ್ಕು ವರ್ಷ ಕಾದ ಮೇಲೆ, ೧೯೯೧ರ ಮಾರ್ಚಿನಲ್ಲಿ ಗೇಟಿನ ಬೀಗದ ಕೈ ಸಿಕ್ಕಿತು. ಆಗ ಅವರಿಗೆ ಐವತ್ತೆರಡು. ವೆಂಬ್ಲಿ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ ದೊಡ್ಡ ಅಡುಗೆಯವರು. ಅವರು ರುಬ್ಬಿಸಿದ ಹಿಟ್ಟಿನ ದೋಸೆ ತಿನ್ನಲು ಜನ ಸ್ಟ್ರಾಟ್‌ಫರ್ಡಿನಿಂದ ಬರುತ್ತಿದ್ದರು. ಅಂಥ ಮನುಷ್ಯ ಬೀಗದ ಕೈ ಸಿಕ್ಕಿದ ದಿನ ಬೂಟು, ಕಾಲುಚೀಲ ಎಲ್ಲ ಬಿಚ್ಚಿ, ಪ್ಯಾಂಟು ಮಡಚಿ, ಆ ಚಳಿಯಲ್ಲಿ ಬರಿಗಾಲಿನಲ್ಲಿ ಇಳಿದುಬಿಟ್ಟರು. ಲಂಡನ್ನಿನ ಮಣ್ಣು ಜೇಡಿ. ಕಾಲಿಗೆ ಹತ್ತಿದರೆ ಬಿಡುವುದಿಲ್ಲ. ಇಂಗ್ಲಿಷಿನವರು ಅದನ್ನು ಬೈಯುತ್ತಾರೆ. ದೇವದಾಸರಿಗೆ ಮಾತ್ರ ಗದ್ದೆಯ ಕೆಸರು ನೆನಪಾಗಿ ಕಣ್ಣು ತುಂಬಿತು. ಮನೆಗೆ ಬಂದು ಮೂರು ದಿನ ನೆಗಡಿಯಲ್ಲಿ ಮಲಗಿದರು.

"ಐವತ್ತ್ ವರ್ಷ ದಾಟಿದ್ರೂ ಬುದ್ಧಿ ಬರ್ಲಿಲ್ಲೆ," ಎಂದು ಪುಷ್ಪಾವತಿ ಕರಿಮೆಣಸಿನ ಕಷಾಯ ತಂದಿಟ್ಟರು.

"ನಿಂಗೆ ಗೊತ್ತಿಲ್ಲೆ ಹೆಣೆ. ನಮ್ ಸಾಲಿನಗೆ ಅಪ್ಪ ಮಗನಿಗೆ ಕೊಡುವ ಮೊದಲ್ನೇ ಭೂಮಿ ಇದ್," ಎಂದರು ದೇವದಾಸರು.

ಬಾಡಿಗೆ ಭೂಮಿ, ಆರೂಕಾಲು ಸೆಂಟ್ಸು, ಅದರಲ್ಲಿ ಒಂದು ಸೆಂಟ್ಸು ಮುಳ್ಳುಪೊದೆ. ನಗು ಬರುವ ಮಾತೇ. ಆದರೆ ಈ ಮಾತಿನ ಹಿಂದೆ ಏನಿತ್ತು ಎಂದು ತಿಳಿಯಬೇಕಾದರೆ ಕುಂದಾಪುರದ ಹತ್ತಿರ ಹೆಮ್ಮಾಡಿಯ ಕಡೆ ಒಂದು ಗದ್ದೆಯ ತನಕ ಹೋಗಿ ಬರಬೇಕು.

ದೇವದಾಸರದು ಅಳಿಯಕಟ್ಟಿನ ಮನೆತನ. ಅಲ್ಲಿ ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತಿತ್ತು. ಮಾವನ ನಂತರ ಅಳಿಯ, ಅಂದರೆ ಅಕ್ಕತಂಗಿಯರ ಮಕ್ಕಳು. ಮಗನಿಗೆ ಅಪ್ಪನ ಮೂಗು ಬರಬಹುದು, ಮಂಡಿನೋವು ಬರಬಹುದು, ಗದ್ದೆ ಬರುವುದಿಲ್ಲ. ದೇವದಾಸರ ಅಪ್ಪ ತಮ್ಮ ಅಕ್ಕನ ಮನೆಯ ಗದ್ದೆಯನ್ನು ಮೂವತ್ತು ವರ್ಷ ಬೇಸಾಯ ಮಾಡಿದರು. ಯಾವ ಅಂಚಿನಲ್ಲಿ ಏಡಿ ತೂತು ಕೊರೆಯುತ್ತದೆ, ಯಾವ ಮೂಲೆಯಲ್ಲಿ ನೀರು ನಿಲ್ಲುವುದಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠ. ದೇವದಾಸರೂ ಬುದ್ಧಿ ಬಂದಾಗಿನಿಂದ ಅದೇ ಕೆಸರಿನಲ್ಲಿ ಬೆಳೆದವರು. ೧೯೫೫ರಲ್ಲಿ ಪಾಲು ಆಯಿತು. ಅಕ್ಕನ ಇಬ್ಬರು ಗಂಡುಮಕ್ಕಳು ದೊಡ್ಡವರಾಗಿದ್ದರು, ಗದ್ದೆ ಅವರಿಗೆ ಹೋಯಿತು. ಜಗಳವಿಲ್ಲ, ಮೋಸವಿಲ್ಲ, ಕಟ್ಟುಕಟ್ಟಳೆ ಇದ್ದದ್ದೇ ಹಾಗೆ. ಅಪ್ಪ ಬೆಳಿಗ್ಗೆ ಅಳಿಯಂದಿರನ್ನು ಕರೆದುಕೊಂಡು ಅಂಚಿನ ಮೇಲೆ ಒಂದು ಸುತ್ತು ನಡೆದು, ಏಡಿ ತೂತು, ನೀರಿನ ಕಂಡಿ ಎಲ್ಲ ತೋರಿಸಿ, ಮನೆಗೆ ಬಂದು ಕಾಲು ತೊಳೆದುಕೊಂಡರು. ಆಮೇಲೆ ಆ ಗದ್ದೆಗೆ ಅವರು ಇಳಿಯಲಿಲ್ಲ. ಅವರು ಕೇಳಿಕೊಂಡದ್ದು ಒಂದೇ: ವರ್ಷಕ್ಕೊಂದು ಮುಡಿ ಅಕ್ಕಿ.

ಮುಡಿ ಎಂದರೆ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿದು, ಬಡಿದು ಬಡಿದು ಗುಂಡಗೆ ಕಟ್ಟಿದ ದೊಡ್ಡ ಗಂಟು. ಆ ದೀಪಾವಳಿಗೆ ಅಳಿಯಂದಿರು ಮಾತಿಗೆ ತಪ್ಪದೆ ತಂದು ಜಗಲಿಯ ಮೇಲೆ ಇಳಿಸಿದರು. ಅವರು ಎದುರಿಗೆ ನಿಂತಿರುವಾಗಲೇ ಅಪ್ಪ ಮುಡಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಹಗ್ಗ ಬಿಚ್ಚಿದರು. ಹುಲ್ಲಿನ ಒಂದೊಂದೇ ಎಳೆ ಎಳೆದು, ಬೆರಳಿಗೆ ಸುತ್ತಿ, ಮೂಗಿಗೆ ಹಿಡಿದು, ಎಷ್ಟೋ ಹೊತ್ತು ನೋಡಿದರು. ಅಕ್ಕಿಯ ಕಡೆ ನೋಡಲೇ ಇಲ್ಲ. ಅಳಿಯಂದಿರು ಮುಖ ಮುಖ ನೋಡಿಕೊಂಡರು. ಹದಿನಾರು ವರ್ಷದ ದೇವದಾಸರಿಗೆ ನಾಚಿಕೆಯಿಂದ ಜೀವ ಹಿಡಿಯಾಯಿತು. ಹುಲ್ಲು ಹೆಚ್ಚು ತುಂಬಿ ಅಕ್ಕಿ ಕಡಿಮೆ ಮಾಡಿದ್ದಾರೋ ಎಂದು ಅಪ್ಪ ಮೋಸ ಹುಡುಕುತ್ತಿದ್ದಾರೆ ಎಂದೇ ಅವರು ತಿಳಿದರು. ಗದ್ದೆ ಬಿಟ್ಟುಕೊಡುವಾಗ ಚಕಾರ ಎತ್ತದವರು ಒಂದು ಮುಡಿಗೆ ಹೀಗೆ ಸಣ್ಣವರಾಗಬೇಕೇ?

ಆ ಅಕ್ಕಿಯ ಗಂಜಿಯನ್ನು ದೇವದಾಸರು ಮುಟ್ಟಲಿಲ್ಲ. ತಿಂಗಳೊಳಗೆ ಬೊಂಬಾಯಿಯ ಬಸ್ಸು ಹತ್ತಿದರು. ಅಲ್ಲಿ ಹೋಟೆಲುಗಳಲ್ಲಿ ಲೋಟ ತೊಳೆದು, ಪುಡಿ ಕುಟ್ಟಿ, ಅಡುಗೆ ಕಲಿತು, ಮದುವೆಯಾಗಿ, ೧೯೭೪ರಲ್ಲಿ ಲಂಡನ್ನಿಗೆ ಬಂದರು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಊರಿನಿಂದ ದೇವದಾಸರು ತಂದದ್ದು ಪೌಡರ್ ಡಬ್ಬಿಯಲ್ಲಿ ಅಮ್ಮ ಹಾಕಿಕೊಟ್ಟ ಒಂದು ಹಿಡಿ ಕೆಂಪು ಹರಿವೆ ಸೊಪ್ಪಿನ ಬೀಜ. ಹಿತ್ತಲಿನ ಕುಂಡದಲ್ಲಿ ಬಿತ್ತಿ, ಬೀಜ ಬಲಿಸಿ, ಮತ್ತೆ ಡಬ್ಬಿಗೆ ತುಂಬಿ, ಹದಿನೇಳು ವರ್ಷ ಆ ಬೀಜದ ಜೀವ ಉಳಿಸಿದ್ದರು. ಪ್ಲಾಟಿಗೆ ಬಿದ್ದ ಮೊದಲ ಬೀಜ ಅದೇ. ಜೊತೆಗೆ ಒಂದು ಹಟವನ್ನೂ ಬಿತ್ತಿದರು: ಅಪ್ಪ ಕೊಡಲಾರದ್ದನ್ನು ನಾನು ಕೊಡುತ್ತೇನೆ. ಬದುಕಿರುವಾಗಲೇ, ನನ್ನ ಕೈಯಾರೆ, ನನ್ನ ಮಗನಿಗೆ.

ಮಗ ಶ್ರವಣ್. ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಕುಂದಾಪುರದ ಕನ್ನಡ ಪೂರಾ ತಿಳಿಯುತ್ತಿತ್ತು, ಬಾಯಿ ತೆರೆದರೆ ಇಂಗ್ಲಿಷು. 'ಅಪ್ಪಯ್ಯ' ಎಂಬ ಒಂದು ಶಬ್ದ ಮಾತ್ರ ಯಾವ ಇಂಗ್ಲಿಷಿನ ನಡುವೆಯೂ ಹಾಗೆಯೇ ಉಳಿದಿತ್ತು. ಮೊದಲ ವರ್ಷದಿಂದಲೇ ಅವನು ಭಾನುವಾರ ಬೆಳಿಗ್ಗೆ ಅಪ್ಪನ ಹಿಂದೆ ಸಲಿಕೆ ಹೊತ್ತು ಬರುತ್ತಿದ್ದ. ಅಪ್ಪ ಮಗ ಹೆಚ್ಚು ಮಾತಾಡುತ್ತಿರಲಿಲ್ಲ. ಎರಡು ಸಲಿಕೆ ಆಳಕ್ಕೆ ಅಗೆಯಬೇಕು, ಇಲ್ಲದಿದ್ದರೆ ಬೇರು ಕವಲೊಡೆಯುತ್ತದೆ ಎಂದು ದೇವದಾಸರು ಹೇಳುತ್ತಿದ್ದರು, ಅವನು ಅಗೆಯುತ್ತಿದ್ದ. ಹರಿವೆ ಬೇರುಸಹಿತ ಕಿತ್ತು, ಅದರದೇ ಒಂದು ಉದ್ದನೆಯ ಗಿಡವನ್ನು ಹಗ್ಗದ ಹಾಗೆ ತಿರುಚಿ ಕಟ್ಟು ಕಟ್ಟುವುದನ್ನೂ ಅವನು ನೋಡಿಯೇ ಕಲಿತ.

ಈಗ ದೇವದಾಸರು ಮಾಡಿದ ಒಂದು ತಪ್ಪಿನ ವಿಷಯ. ೧೯೯೩ರಲ್ಲಿ ಕೌನ್ಸಿಲ್ಲಿನಿಂದ ಒಂದು ಫಾರಂ ಬಂತು. ಪ್ರತಿ ಪ್ಲಾಟಿನವರೂ ಒಬ್ಬ ಜೊತೆಗಾರನ ಹೆಸರು ಕೊಡಬಹುದು, ಮುಂದೆ ಪ್ಲಾಟು ಬಿಟ್ಟರೆ ಅವನಿಗೇ ಮೊದಲ ಹಕ್ಕು ಎಂದು ಅದರಲ್ಲಿತ್ತು. ಆಗ ಮನೆಯಲ್ಲಿ ದೇವದಾಸರ ತಂಗಿಯ ಮಗ ಕೃಷ್ಣಪ್ರಸಾದನೂ ಇದ್ದ. ವರ್ಷದ ಹಿಂದೆ ಊರಿಂದ ಬಂದು, ಮಾವನ ಕೈಕೆಳಗೇ ಹೋಟೆಲಿನ ಅಡುಗೆ ಮನೆ ಸೇರಿದ್ದ ಇಪ್ಪತ್ತಮೂರರ ಹುಡುಗ. ಇಂಗ್ಲಿಷ್ ಕಾಗದಪತ್ರಗಳೆಂದರೆ ದೇವದಾಸರಿಗೆ ತಲೆನೋವು. ಆ ಕೆಲಸ ಅಳಿಯನ ಪಾಲಿಗೆ ಬಿದ್ದಿತ್ತು. ಒಂದು ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಫಾರಂ ಹರವಿಕೊಂಡು ಅವನು ಕೇಳಿದ:

"ಜೊತೆಗಾರ ಯಾರಂತ ಬರೀಕಂಬ್ರ್ ಮಾವ. ಮನೆಯವ್ರ್ ಯಾರಾದ್ರೂ ಅಕ್ಕ್. ಯಾರ್ ಹೆಸ್ರ್ ಬರೀಲಿ?"

ದೇವದಾಸರು ಒಗ್ಗರಣೆ ಹಾಕುತ್ತಿದ್ದರು. ತಿರುಗಿಯೂ ನೋಡದೆ ಹೇಳಿದರು: "ನಿಂದೇ ಬರಿ ಮಾರಾಯ. ಅದ್ನೆಲ್ಲ ಕೇಂಬ್ದ್ ಎಂತಕೆ?"

ಅವರ ಮನಸ್ಸಿನಲ್ಲಿ ಯಾವ ಲೆಕ್ಕಾಚಾರವೂ ಇರಲಿಲ್ಲ. ಅವರ ಮನೆತನದಲ್ಲಿ ಕಾಗದ ಅಂತ ಬಂದರೆ ಅಳಿಯನ ಹೆಸರು. ರೇಷನ್ ಕಾರ್ಡಿರಲಿ, ಸೊಸೈಟಿಯ ಪುಸ್ತಕವಿರಲಿ, ಅಪ್ಪ ಹಾಗೇ ಬರೆಸಿದ್ದರು, ಅಪ್ಪನ ಮಾವನೂ ಹಾಗೇ ಬರೆಸಿದ್ದರು. ಬಾಯಿಗೆ ಬಂದದ್ದು ಮೂರು ತಲೆಮಾರಿನ ಅಭ್ಯಾಸ. ಯಾವ ಕಟ್ಟಳೆಯ ಮೇಲೆ ಸಿಟ್ಟು ಮಾಡಿ ಮನೆ ಬಿಟ್ಟು ಬಂದಿದ್ದರೋ, ಅದೇ ಕಟ್ಟಳೆಯನ್ನು ಕಿಂಗ್ಸ್‌ಬರಿಯ ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಎನ್ನುವಷ್ಟರಲ್ಲಿ ತಾವೇ ನಡೆಸಿಬಿಟ್ಟರು. ಕೈ ಒರೆಸಿಕೊಂಡು ಸಹಿ ಹಾಕಿ, ಮರೆತೂಬಿಟ್ಟರು. ಮೇಜಿನ ಆ ತುದಿಯಲ್ಲಿ ಹದಿನೆಂಟು ತುಂಬಿದ ಶ್ರವಣ್ ಟೋಸ್ಟ್ ತಿನ್ನುತ್ತಾ ಕೂತಿದ್ದ. ತಿಂದು ಮುಗಿಸಿ, ತಟ್ಟೆ ತೊಳೆದಿಟ್ಟು, ಪುಸ್ತಕ ತೆಗೆದುಕೊಂಡು ಮಹಡಿ ಹತ್ತಿದ.

ಅವು ಒಳ್ಳೆಯ ವರ್ಷಗಳು. ಈಗ ನೆನೆಸಿಕೊಂಡರೂ ಹೊಟ್ಟೆ ತಣ್ಣಗಾಗುವಂಥವು. ಪಕ್ಕದ ಪ್ಲಾಟಿಗೆ ಗದಗಿನ ಕಡೆಯ ಮುರಿಗೆಪ್ಪ ಬಂದರು. ಇಪ್ಪತ್ತು ವರ್ಷ ಲಂಡನ್ನಿನ ಕೆಂಪು ಬಸ್ಸು ಓಡಿಸಿ ನಿವೃತ್ತರಾದವರು. ದೇವದಾಸರು ಹರಿವೆ ಬೆಳೆದರೆ ಅವರು ಮೆಂತ್ಯ ಬೆಳೆಯುವರು. ಬೇಸಗೆಯ ಸಂಜೆ ಒಂಬತ್ತು ಗಂಟೆಯವರೆಗೂ ಬಿಸಿಲಿರುವಾಗ ಇಬ್ಬರೂ ಶೆಡ್ಡಿನ ಮುಂದೆ ಮಗುಚಿಟ್ಟ ಬಕೆಟುಗಳ ಮೇಲೆ ಕೂತು, ಫ್ಲಾಸ್ಕಿನ ಚಹಾ ಹೀರುತ್ತಾ, ಜೋಳ ದೊಡ್ಡದೋ ಭತ್ತ ದೊಡ್ಡದೋ ಎಂದು ವಾದ ಮಾಡುವರು. ಹಳಿಯ ಮೇಲೆ ರೈಲು ಹೋದರೆ ಇಬ್ಬರೂ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸುವರು. ಜುಲೈ ತಿಂಗಳಲ್ಲಿ ಕಿಂಗ್ಸ್‌ಬರಿಯ ಕನ್ನಡದವರ ಅರ್ಧಕ್ಕರ್ಧ ಮನೆಗಳಲ್ಲಿ ಇಪ್ಪತ್ತೇಳನೇ ಪ್ಲಾಟಿನ ಹರಿವೆ ಸಾರು. ಅನ್ನಕ್ಕೆ ಕಲಸಿದರೆ ಅನ್ನ ಕೆಂಪಾಗುತ್ತಿತ್ತು, ಇಲ್ಲೇ ಹುಟ್ಟಿದ ಮಕ್ಕಳು ಅದನ್ನು 'ಪಿಂಕ್ ರೈಸ್' ಎಂದು ಕರೆದು ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದವು.

ನಡುವೆ ೧೯೯೮ರಲ್ಲಿ ಒಂದು ಕಹಿ ಬಂತು. ಕೃಷ್ಣಪ್ರಸಾದ ಮಾವನ ಹೋಟೆಲು ಬಿಟ್ಟು ಕಿಂಗ್ಸ್‌ಬರಿ ರಸ್ತೆಯಲ್ಲಿ ತನ್ನದೇ ಒಂದು ತೆರೆದ. ಅದಕ್ಕೆ ದೇವದಾಸರು ಆಶೀರ್ವಾದ ಮಾಡುತ್ತಿದ್ದರೇನೋ. ಆದರೆ ಮೊದಲ ದಿನವೇ ಯಾರೋ ಬಂದು, "ಸಾಂಬಾರು ಸೇಮ್ ಟು ಸೇಮ್ ನಿಮ್ಮದೇ," ಎಂದು ಹೇಳಿದರು. ಪುಡಿಯ ಹದ ಕದ್ದುಕೊಂಡು ಹೋದ ಎಂದು ದೇವದಾಸರು ಹಾರಾಡಿದರು. ಕಲಿಸಿದ್ದು ಯಾರು ಎಂದು ಪುಷ್ಪಾವತಿ ಕೇಳಿದ್ದಕ್ಕೆ ಅವರ ಜೊತೆಯೂ ಎರಡು ದಿನ ಮಾತು ಬಿಟ್ಟರು. ಮಾವ ಅಳಿಯ ಅಂದಿನಿಂದ ಮದುವೆಗಳಲ್ಲಿ ಸಿಕ್ಕಿದರೆ ತಲೆಯಾಡಿಸುವಷ್ಟೇ ಸಂಬಂಧ.

ಶ್ರವಣ್ ಓದು ಮುಗಿಸಿ, ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಕೆಲಸ ಹಿಡಿದು, ಮದುವೆಯಾಗಿ, ಫ್ಲ್ಯಾಟು ಅಗ್ಗವೆಂದು ಕ್ರೋಯ್ಡನ್ನಿಗೆ ಹೋದ. ಲಂಡನ್ನಿನ ಆ ತುದಿ. ಆದರೂ ಭಾನುವಾರ ತಪ್ಪಲಿಲ್ಲ. ರೈಲಿನಲ್ಲಿ ಲಂಡನ್ ಬ್ರಿಜ್, ಅಲ್ಲಿಂದ ಜುಬಿಲಿ ಲೈನು, ಒಂದೂವರೆ ಗಂಟೆಯ ದಾರಿ. ಹತ್ತು ಗಂಟೆಗೆ ಸರಿಯಾಗಿ ಗೇಟಿನ ಹತ್ತಿರ ಇರುತ್ತಿದ್ದ.

೨೦೦೬ರ ಬೇಸಗೆಯಲ್ಲಿ ದೇವದಾಸರ ಎರಡೂ ಮಂಡಿ ಕೈಕೊಟ್ಟವು. ಇನ್ನು ಅಗೆಯುವಂತಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಬೇರೆಯವರಾಗಿದ್ದರೆ ಕುಸಿಯುತ್ತಿದ್ದರು, ದೇವದಾಸರು ಒಳಗೊಳಗೇ ಹಿಗ್ಗಿದರು. ಐವತ್ತು ವರ್ಷ ಕಾದ ದಿನ ಬಂದಿತ್ತು. ಯಾರನ್ನೂ ಕೇಳದೆ, ಪುಷ್ಪಾವತಿಗೂ ಹೇಳದೆ, ಕೌನ್ಸಿಲ್ಲಿಗೆ ಕಾಗದ ಬರೆದರು. ಸೆಪ್ಟೆಂಬರ್ ಕೊನೆಗೆ ಇಪ್ಪತ್ತೇಳನೇ ಪ್ಲಾಟು ಬಿಟ್ಟುಕೊಡುತ್ತೇನೆ, ಅದನ್ನು ನನ್ನ ಮಗನಿಗೆ ಕೊಡತಕ್ಕದ್ದು. ಲೈಬ್ರರಿಯಲ್ಲಿ ಟೈಪು ಮಾಡಿಸಿ, ಸಹಿ ಹಾಕಿ, ಟಪಾಲಿಗೆ ಹಾಕಿ, ಮಿಠಾಯಿ ಅಂಗಡಿಗೆ ಹೋಗಿ ಅರ್ಧ ಕಿಲೋ ಪೇಡ ತಂದರು.

ಎಂಟು ದಿನ ಕಳೆದು ಮುರಿಗೆಪ್ಪ ಅವರನ್ನು ಶೆಡ್ಡಿಗೆ ಕರೆದರು. ಮುರಿಗೆಪ್ಪನವರೇ ಆಗ ಆ ಅಲಾಟ್‌ಮೆಂಟಿನ ಕಾರ್ಯದರ್ಶಿ. ಮಡಿಲಲ್ಲಿ ರಿಜಿಸ್ಟರ್ ಇತ್ತು, ಮುಖ ಸರಿ ಇರಲಿಲ್ಲ.

"ಕುಂದರ್ರಿ ದೇವದಾಸರ. ಸಿಟ್ಟಾಗಬ್ಯಾಡ್ರಿ. ಶ್ರವಣಗ ಪ್ಲಾಟು ಕೊಡ್ರಿ ಅಂತ ಬರದೀರಿ. ರಿಜಿಸ್ಟರಿನಾಗ ಅವನ ಹೆಸರ ಇಲ್ಲಲ್ರಿ."

"ಇಲ್ದೆ ಎಲ್ಲಿಗ್ ಹೋತ್? ನಾನೇ ಬರ್ಸಿದ್ದೆ."

"ಕೃಷ್ಣಪ್ರಸಾದ ಅಂತ ಐತ್ರಿ. ತಂಗಿ ಮಗ ಅಂತ ಬರದಾರ. ಕೆಳಗ ಸಹಿ ನಿಮ್ದ."

ದೇವದಾಸರು ಕನ್ನಡಕ ಏರಿಸಿ ನೋಡಿದರು. ತಮ್ಮದೇ ಸಹಿ. ಅಡುಗೆಮನೆ, ಒಗ್ಗರಣೆಯ ವಾಸನೆ, ತಾವು ಆಡಿದ ಮಾತು, ಎಲ್ಲ ಒಟ್ಟಿಗೇ ಮುಖಕ್ಕೆ ಹೊಡೆದ ಹಾಗೆ ಬಂತು.

"ಹಂಗಾರೆ ಈಗ ಹೆಸ್ರ್ ಬದಲ್ಸುವ," ಎಂದರು.

"ಆಗಂಗಿಲ್ರಿ. ಹೊಸಾ ಹೆಸರು ತಗೊಳ್ಳೋದ ನಿಲ್ಲಿಸ್ಯಾರ. ಹಳೇವು ಇದ್ದಂಗ ನಡೀತಾವ. ಶ್ರವಣ ಕಾಯೋರ ಪಟ್ಟಿಗೂ ಬರಂಗಿಲ್ಲ, ಅಂವಾ ಕ್ರೋಯ್ಡನ್ನಿನಾಗ ಇರ್ತಾನ, ಬ್ಯಾರೇ ಕೌನ್ಸಿಲ್ಲು. ಬಿಟ್ಟೆ ಅಂತ ನೀವು ಕಾಗದಾ ಕೊಟ್ಟೀರಿ, ಅದನ್ನ ವಾಪಸ್ ತಗೊಳ್ಳಂಗೂ ಇಲ್ಲ. ಸೆಪ್ಟೆಂಬರ್ ಇಪ್ಪತ್ತೊಂಬತ್ತರೊಳಗ ನಿಮ್ಮ ಅಳಿಯಾ ಬಂದು ಸಹಿ ಹಾಕಿದ್ರ ಪ್ಲಾಟು ಅವಂದು. ಇಲ್ಲಾಂದ್ರ ಪಟ್ಟಿಯೊಳಗ ಮೊದಲಿದ್ದವರಿಗೆ ಹೋಕ್ಕೈತಿ. ಯಾರೋ ಏನೋ. ನೆಲಕ್ಕ ಕಲ್ಲು ಹಾಸಿ ಕುರ್ಚಿ ಹಾಕ್ಕೊಂಡು ಕುಂದರೋ ಪೈಕಿ ಬಂದ್ರ ಏನ್ ಮಾಡ್ತೀರಿ?"

ಅಂದು ದೇವದಾಸರು ಮನೆಗೆ ಬಂದು ಊಟ ಮಾಡಲಿಲ್ಲ. ಪೇಡದ ಡಬ್ಬಿ ಮೇಜಿನ ಮೇಲೇ ಇತ್ತು. ತನ್ನ ಮೂರ್ಖತನಕ್ಕೆ ತಾನೇ ಸಿಹಿ ತಂದೆನಲ್ಲ ಎಂದು ಅದನ್ನು ನೋಡಿದರೆ ಮೈ ಉರಿಯಿತು. ಅಪ್ಪನಿಗಾದರೂ ಊರಿನ ಕಟ್ಟಳೆ ಅಡ್ಡ ಬಂದಿತ್ತು. ತನಗೆ ಅಡ್ಡ ಬಂದದ್ದು ತಾನೇ.

ಭಾನುವಾರ ಶ್ರವಣ್ ಬಂದ. ಅವನು ಅಗೆಯುತ್ತಿದ್ದ, ದೇವದಾಸರು ಬಕೆಟಿನ ಮೇಲೆ ಕೂತಿದ್ದರು. ಹೇಳದೆ ವಿಧಿಯಿರಲಿಲ್ಲ. ತೊದಲುತ್ತಾ ಎಲ್ಲ ಹೇಳಿದರು. ಫಾರಂ ವಿಷಯ, ಅಳಿಯನ ಹೆಸರಿನ ವಿಷಯ.

ಶ್ರವಣ್ ಸಲಿಕೆ ನಿಲ್ಲಿಸಲಿಲ್ಲ. "ಐ ನೋ, ಅಪ್ಪಯ್ಯ. ಐ ವಾಸ್ ದೇರ್. ಈಟಿಂಗ್ ಟೋಸ್ಟ್."

ಹದಿಮೂರು ವರ್ಷ. ಹದಿಮೂರು ವರ್ಷದ ಭಾನುವಾರಗಳು. ಈ ನೆಲ ತನಗಲ್ಲ ಎಂದು ಗೊತ್ತಿದ್ದೂ ಇವನು ಪ್ರತಿ ವಾರ ಬಂದು ಎರಡು ಸಲಿಕೆ ಆಳ ಅಗೆದಿದ್ದಾನೆ.

"ಆಗ್ಳೇ ಹೇಳೂಕಾಗ್ತಿರ್ಲಿಲ್ಯಾ ಮಗಾ?"

"ಯೂ ಡಿಡಂಟ್ ಈವನ್ ಟರ್ನ್ ರೌಂಡ್," ಎಂದ ಶ್ರವಣ್. ಆ ಹಳೆಯ ನೋವು ಒಂದು ಕ್ಷಣ ಅವನ ಮುಖದ ಮೇಲೆ ಬಂದು ಹೋಯಿತು. ಆಮೇಲೆ ಅಪ್ಪನ ಮುಖ ನೋಡಿ ಮೆತ್ತಗಾದ. "ಇಟ್ಸ್ ಓಕೆ. ಐ ಸ್ಟಿಲ್ ಕೇಮ್, ಡಿಡಂಟ್ ಐ?"

ದೇವದಾಸರು ತಲೆ ತಗ್ಗಿಸಿಕೊಂಡು ಕೂತರು. ರೈಲು ಹೋಯಿತು. ಅದು ದಾಟಿದ ಮೇಲೆ ಫ್ಲಾಸ್ಕಿನ ಚಹಾ ಬಗ್ಗಿಸಿ ಮಗನ ಮುಂದೆ ಹಿಡಿದರು.

ಮಾರನೆಯ ದಿನ ಅವರು ಕೋಟು ಹಾಕಿ, ಕೋಲು ಹಿಡಿದು ಬಾಗಿಲ ತನಕ ಹೋಗಿ ನಿಂತರು. ಮತ್ತೆ ಬಂದು ಸೋಫಾದಲ್ಲಿ ಕೂತರು. ಮತ್ತೆ ಎದ್ದರು. ಎಂಟು ವರ್ಷ ಮಾತು ಬಿಟ್ಟ ಅಳಿಯನ ಹತ್ತಿರ ಯಾವ ಮುಖ ಇಟ್ಟುಕೊಂಡು ಹೋಗುವುದು? ಅವನು ಬೇಡ ಎಂದರೆ ಪ್ಲಾಟು ಹೋಯಿತು. ಬೇಕು ಎಂದರೆ ಪೂರಾ ಅವನದಾಯಿತು, ಶ್ರವಣನಿಗೆ ಗೇಟಿನ ಹೊರಗೆ ನಿಲ್ಲು ಎಂದರೂ ಕೇಳುವವರಿಲ್ಲ.

"ಹೋಯ್ನಿ. ಅವ ತಂಗಿ ಮಗ, ಹುಲಿ ಅಲ್ಲ," ಎಂದು ಪುಷ್ಪಾವತಿ ಬಾಗಿಲು ತೆರೆದು ನಿಂತರು.

ಸೋಮವಾರ ಕೃಷ್ಣಪ್ರಸಾದನ ಹೋಟೆಲಿಗೆ ರಜೆ. ಅವನು ಒಬ್ಬನೇ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ನೆಲ ಒರೆಸುತ್ತಿದ್ದ. ಮೂವತ್ತಾರಕ್ಕೇ ತಲೆ ಅರ್ಧ ಬೆಳ್ಳಗಾಗಿತ್ತು. ಗಾಜಿನ ಬಾಗಿಲಿನ ಆಚೆ ಮಾವನನ್ನು ಕಂಡು ಕೈಯಲ್ಲಿದ್ದ ಒರಸುಕೋಲು ಬಿಟ್ಟು ಓಡಿ ಬಂದ.

"ಬನ್ನಿ ಮಾವ. ಕೂಕಣಿ. ಮಂಡಿ ನೋವ್ ಹ್ಯಾಂಗಿತ್? ಎಂತ ತಿಂತ್ರಿ?"

ಬೇಡ ಎನ್ನುವಷ್ಟರಲ್ಲಿ ಒಳಗೆ ಹೋಗಿ ಎರಡು ಇಡ್ಲಿ, ಒಂದು ಬಟ್ಟಲು ಸಾಂಬಾರು ಬಿಸಿ ಮಾಡಿ ತಂದಿಟ್ಟ. ದೇವದಾಸರು ಚಮಚದ ತುದಿಯಲ್ಲಿ ರುಚಿ ನೋಡಿದರು. ತಮ್ಮದೇ ಪುಡಿ, ತಮ್ಮದೇ ಹದ.

"ಕೊತ್ತಂಬ್ರಿ ಒಂಚೂರ್ ಕಮ್ಮಿ ಆಯ್ತ್," ಎಂದರು. ಎಂಟು ವರ್ಷದ ಮೇಲೆ ಅಳಿಯನೊಡನೆ ಆಡಿದ ಮೊದಲ ಮಾತು ಅದು. ಕೃಷ್ಣಪ್ರಸಾದ ನಕ್ಕ, ಅವನ ಕಣ್ಣಲ್ಲಿ ನೀರಿತ್ತು.

ದೇವದಾಸರು ಬಂದ ಕೆಲಸ ಹೇಳಿದರು. ಕೃಷ್ಣಪ್ರಸಾದ ಬೆರಳಿನಿಂದ ಮೇಜಿನ ಅಂಚನ್ನು ಉಜ್ಜಿದ.

"ತಪ್ಪ್ ನಂದೇ ಮಾವ," ಎಂದ. "ಶ್ರವಣ್ ಎದುರಿಗೇ ಕೂತಿದ್ದ. ಅವ್ನ್ ಹೆಸ್ರ್ ಬರೀಕಿತ್ತ್ ಅಂತ ಆಗ್ಳೇ ಗೊತ್ತಿತ್ತ್ ನಂಗೆ. ಆದ್ರೆ ಊರ್ ಬಿಟ್ಟ್ ಬಂದ್ ಒಂದ್ ವರ್ಷ ಆಗಿತ್ತ್. ಯಾರ್ದೋ ದೇಶ, ಯಾರ್ದೋ ಮನೆ. ನಿಂದೇ ಬರಿ ಅಂದ್ರಿ ಅಲ್ದಾ, ಈ ಊರಂಗೆ ನಂಗೂ ಒಂದ್ ಹೆಸ್ರ್ ಬಂತ್ ಅಂತ ಕಂಡ್ತ್. ಬರ್ದೆ. ಆಮೇಲೆ ಅಳಿಸೂಕೆ ಮನ್ಸ್ ಬರ್ಲಿಲ್ಲೆ."

ಆ ಒಂದು ಮಾತಿನಿಂದ ಮಗನನ್ನು ನೋಯಿಸಿದೆ ಎಂದಷ್ಟೇ ದೇವದಾಸರು ಎಣಿಸಿದ್ದರು. ಅದೇ ಮಾತು ಇನ್ನೊಬ್ಬನಿಗೆ ನೆಲೆ ಕೊಟ್ಟಿತ್ತು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

"ನಾನ್ ಸಹಿ ಹಾಕ್ತೆ," ಎಂದ ಕೃಷ್ಣಪ್ರಸಾದ. "ಹೆಸ್ರ್ ನಂದ್ ಇರ್ಲಿ, ಬೇಸಾಯ ಶ್ರವಣಂದ್. ಅವ ಇರೂವರೆಗೆ ನಾನ್ ಪ್ಲಾಟ್ ಬಿಡುದಿಲ್ಲೆ. ಒಂದೇ ಮಾತ್ ಮಾವ, ಸೋಮವಾರ ನಂಗೆ ರಜೆ. ನಾನೂ ಬಂದ್ ಅಗೀಲಕ್ಕಾ?"

ಅಗೆಯುವವನು ಒಬ್ಬ, ಹೆಸರು ಇನ್ನೊಬ್ಬನದು. ಅಪ್ಪನ ಗದ್ದೆ ಇದ್ದದ್ದೂ ಹೀಗೆಯೇ. ಅರ್ಧ ಶತಮಾನ ಓಡಿ, ಸಮುದ್ರ ದಾಟಿ ಬಂದು ದೇವದಾಸರು ಅದೇ ಅಂಚಿನ ಮೇಲೆ ನಿಂತಿದ್ದರು. ಆದರೆ ಆ ಗಳಿಗೆಯಲ್ಲಿ ಅವರಿಗೆ ಸೋತ ಹಾಗೆ ಅನಿಸಲಿಲ್ಲ. ಎದೆಯ ಮೇಲಿದ್ದ ಭಾರ ಇಳಿದ ಹಾಗೆ ಅನಿಸಿತು.

"ಆಯ್ತ್. ಆದ್ರೆ ವಾರಕ್ಕೆರಡ್ ಕಟ್ಟ್ ಹರಿವೆ ನಿನ್ ಅತ್ತೆಗೆ ಬರ್ಕ್," ಎಂದು ಗತ್ತಿನಿಂದ ಹೇಳಿದರು. ಹೇಳಿದ ಮೇಲೆ ಥಟ್ಟನೆ ನೆನಪಾಯಿತು. ಇದೇ ರೀತಿ ಒಬ್ಬರು ವರ್ಷಕ್ಕೊಂದು ಮುಡಿ ಕೇಳಿದ್ದರಲ್ಲ?

ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಮುರಿಗೆಪ್ಪನವರ ಶೆಡ್ಡಿನಲ್ಲಿ ಸಹಿ ಆಯಿತು. ಸಹಿ ಒಣಗುವ ಮೊದಲೇ ದೇವದಾಸರು ಕೋಲೂರಿಕೊಂಡು ಎದ್ದು, ಮಗ ಮತ್ತು ಅಳಿಯ ಇಬ್ಬರನ್ನೂ ಕರೆದುಕೊಂಡು ಪ್ಲಾಟಿನ ಸುತ್ತ ನಡೆದರು. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಬಸವನಹುಳುವಿನ ಕಾಟ, ಯಾವ ಮೂಲೆಗೆ ಬೇಲಿಯ ನೆರಳು ಬೀಳುತ್ತದೆ. ಶ್ರವಣನಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಕೇಳಿದ. ಕೊನೆಗೆ ದೇವದಾಸರು ಕೋಟಿನ ಜೇಬಿನಿಂದ ಹಳೆಯ ಪೌಡರ್ ಡಬ್ಬಿ ತೆಗೆದು ಮಗನ ಕೈಯಲ್ಲಿಟ್ಟು, "ಇದ್ ಯಾವ ರಿಜಿಸ್ಟರಿನಗೂ ಇಲ್ಲೆ. ಇದ್ ನಿಂದ್," ಎಂದರು. ಮನೆಗೆ ಬಂದು, ಅಗತ್ಯವಿಲ್ಲದಿದ್ದರೂ, ಕಾಲು ತೊಳೆದುಕೊಂಡರು.

ಆ ಚಳಿಗಾಲ ಅವರಿಗೆ ಬಹಳ ಉದ್ದವಾಯಿತು. ಪ್ಲಾಟಿನ ಕಡೆ ಹೋಗಲಿಲ್ಲ. ಮಂಡಿ ನೋವು ಎನ್ನುತ್ತಿದ್ದರು. ನಿಜವೆಂದರೆ, ಹೋದರೆ ಬಾಯಿ ಸುಮ್ಮನಿರುವುದಿಲ್ಲ, ಕೊಟ್ಟ ಮೇಲೆ ಬಾಯಿ ಹಾಕಬಾರದು ಎಂದು ತಮಗೆ ತಾವೇ ಬೇಲಿ ಹಾಕಿಕೊಂಡಿದ್ದರು. ಮಾರ್ಚಿನಲ್ಲಿ ಅಗೆದರೋ ಇಲ್ಲವೋ, ಮೇ ತಿಂಗಳಲ್ಲಿ ಬಿತ್ತಿದರೋ ಇಲ್ಲವೋ, ಕೇಳಲಿಲ್ಲ. ಕಿಟಕಿಯ ಹತ್ತಿರ ಕೂತು ಬಿಸಿಲು ಬಂದರೆ ಲೆಕ್ಕ ಹಾಕುವರು: ಈಗ ಮೊಳಕೆ ಬಂದಿರಬೇಕು. ಈಗ ಕಳೆ ಕೀಳಬೇಕು.

ಜೂನ್ ಕೊನೆಯ ಭಾನುವಾರ ಮಧ್ಯಾಹ್ನ ಬಾಗಿಲ ಗಂಟೆಯ ಸದ್ದಾಯಿತು. ಶ್ರವಣ್, ಹಿಂದೆ ಕೃಷ್ಣಪ್ರಸಾದ. ಅಂದು ಹೋಟೆಲನ್ನು ಬೇರೆಯವರ ಕೈಗೆ ಬಿಟ್ಟು ಬಂದಿದ್ದ. ಇಬ್ಬರ ಮೊಣಕಾಲಿಗೂ ಮಣ್ಣು. ಶ್ರವಣನ ಕೈಯಲ್ಲಿ ಎರಡು ಕಟ್ಟು ಕೆಂಪು ಹರಿವೆ, ಹರಿವೆಯದೇ ಗಿಡ ತಿರುಚಿ ಕಟ್ಟಿದ್ದು. ಪುಷ್ಪಾವತಿ ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಒಯ್ಯಲು ಬಂದರು.

"ಇಲ್ಲ್ ಕೊಡ್ ಕಾಂಬ," ಎಂದರು ದೇವದಾಸರು.

ಕಟ್ಟನ್ನು ಮಡಿಲಿಗೆ ಹಾಕಿಕೊಂಡರು. "ಪ್ಯಾಂಟ್ ಹಾಳಾತ್, ಪೇಪರ್ ಆದ್ರೂ ಹಾಸ್ಕಣಿ," ಎಂದು ಪುಷ್ಪಾವತಿ ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ತಾವೇ ಕಟ್ಟು ಬಿಚ್ಚಿದರು. ಎಲೆಯ ಕಡೆ ನೋಡಲಿಲ್ಲ. ಒಂದು ಗಿಡ ಎತ್ತಿ ಬೇರನ್ನು ಬೆಳಕಿಗೆ ಹಿಡಿದರು. ಬೇರು ನೆಟ್ಟಗೆ, ಗೇಣುದ್ದ ಇಳಿದಿತ್ತು. ಒಂದೂ ಕವಲಿಲ್ಲ. ಎರಡು ಸಲಿಕೆ ಆಳ ಅಗೆದಿದ್ದಾರೆ. ಅಂಟಿದ ಮಣ್ಣನ್ನು ಬೆರಳಿನಲ್ಲಿ ಉದುರಿಸಿ, ಮೂಗಿಗೆ ಹಿಡಿದರು. ಕಪ್ಪಗೆ, ಪುಡಿಪುಡಿಯಾಗಿತ್ತು. ಎಲೆಗೊಬ್ಬರ ಬಿದ್ದಿದೆ. ಇನ್ನೊಂದು ಗಿಡ ಎತ್ತಿದರು, ಮತ್ತೊಂದು ಎತ್ತಿದರು.

ಹಾಗೆ ಬೇರು ಹಿಡಿದುಕೊಂಡಿದ್ದಾಗಲೇ ಅವರಿಗೆ ಜಗಲಿಯ ಮೇಲೆ ಕುಕ್ಕುರುಗಾಲಿನಲ್ಲಿ ಕೂತ ಅಪ್ಪ ಕಂಡರು. ಮುಡಿ ಬಿಚ್ಚಿ, ಅಕ್ಕಿ ಬಿಟ್ಟು, ಹುಲ್ಲನ್ನೇ ನೋಡುತ್ತಿದ್ದ ಅಪ್ಪ. ಹುಲ್ಲು ಎಷ್ಟು ಉದ್ದ ಬಂದಿದೆ, ಗಟ್ಟಿಯೋ ಜೊಳ್ಳೋ, ಗೊಬ್ಬರ ಕಂಡಿದೆಯೋ, ಆ ಮೂಲೆಯಲ್ಲಿ ನೀರು ನಿಂತಿತೋ ಇಲ್ಲವೋ. ಇಳಿಯಬಾರದ ಗದ್ದೆಯ ಕ್ಷೇಮಸಮಾಚಾರವನ್ನು ಅವರು ಹುಲ್ಲಿನಲ್ಲಿ ಓದುತ್ತಿದ್ದರು. ಅದಕ್ಕಾಗಿಯೇ ಮುಡಿ ಕೇಳಿದ್ದರು. ಮಗ ಅದನ್ನು ಸಣ್ಣತನ ಎಂದುಕೊಂಡು ಮನೆ ಬಿಟ್ಟು ಹೋಗಿದ್ದ. ಐವತ್ತೆರಡು ವರ್ಷ ಹಾಗೆಂದೇ ತಿಳಿದಿದ್ದ. ದೇವದಾಸರ ಕಣ್ಣಿನಿಂದ ನೀರು ಇಳಿದು ಗಡ್ಡದ ಬಿಳಿ ಕೂದಲಲ್ಲಿ ನಿಂತಿತು.

ಎದುರಿಗೆ ಶ್ರವಣ್ ಕಾಲು ಬದಲಿಸುತ್ತಾ ನಿಂತಿದ್ದ. ಅವನ ಮುಖ ಚಿಕ್ಕದಾಗಿತ್ತು. ಕೃಷ್ಣಪ್ರಸಾದನ ಕಡೆ ಒಮ್ಮೆ ನೋಡಿ, ಮೆಲ್ಲನೆ ಕೇಳಿದ:

"ಅಪ್ಪಯ್ಯ... ಡಿಡ್ ವಿ ಡೂ ಸಮ್‌ಥಿಂಗ್ ರಾಂಗ್?"

"ಇಲ್ಲೆ ಮಗಾ, ಇಲ್ಲೆ," ಎಂದು ದೇವದಾಸರು ಅವನ ಮಣ್ಣಾದ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ತಪ್ಪ್ ಹುಡ್ಕುದಲ್ಲ. ಗದ್ದೆ ಹ್ಯಾಂಗಿತ್ ಅಂತ ಕಾಂತಿದ್ದೆ."